ಎಡಗೈಯ ಜಾಗ

ಮೋನಪ್ಪನವರ ಫರೀದಾಬಾದಿನ ಹೋಟೆಲಿನಲ್ಲಿ ಎಡಗೈಯಿಂದ ಯಾರೂ ಬಡಿಸುವಂತಿರಲಿಲ್ಲ. ಗಿರಾಕಿ ಕಾದರೆ ಕಾಯಲಿ, ಚಟ್ನಿ ಬಲಗೈಯಲ್ಲೇ ಬರಬೇಕು. ಎಡಗೈಯವಳಾಗಿ ಹುಟ್ಟಿದ ಮಗಳು ಶ್ರಾವ್ಯಾಳನ್ನೂ ಅವರು ಬಿಡಲಿಲ್ಲ. ಸೌಟಿನ ಹಿಡಿಯಿಂದ ತಟ್ಟಿ ತಟ್ಟಿ ಬಲಗೈಗೆ ತಂದರು. ಗೆದ್ದೆನೆಂದು ಬೀಗಿದ್ದೂ ಉಂಟು.

ಈಗ ಅವಳಿಗೆ ಇಪ್ಪತ್ತು ವರ್ಷ. ಫಿಟ್ಸ್ ಯಾವ ಮಾತ್ರೆಗೂ ಬಗ್ಗದೆ, ದೆಹಲಿಯ ಆಸ್ಪತ್ರೆಯೊಂದರಲ್ಲಿ ಮಿದುಳಿನ ಮೇಲೆ ತಂತಿಗಳ ತೆಳು ಹಾಳೆ ಇಟ್ಟಿದ್ದರು. ಫಿಟ್ಸ್ ಹುಟ್ಟುವ ಭಾಗವನ್ನು ಕತ್ತರಿಸುವ ಮೊದಲು, ಯಾವ ಜಾಗ ಯಾವ ಬೆರಳನ್ನು ಆಡಿಸುತ್ತದೆಂದು ತಿಳಿಯಬೇಕಿತ್ತು.

"ಮಗಳು ಬಲಗೈಯವಳು ತಾನೆ?" ಎಂದು ಮೈಸೂರು ಕಡೆಯ ಡಾಕ್ಟರ್ ಚಂದ್ರಪ್ರಭಾ ಮೊದಲೇ ಕೇಳಿದ್ದರು.

"ಹೌದು ಮೇಡಂ, ಬಲಗೈಯೇ," ಎಂದಿದ್ದರು ಮೋನಪ್ಪ. ಶ್ರಾವ್ಯಾ ಫಾರಮ್ಮಿಗೆ ಬಲಗೈಯಲ್ಲೇ ಸಹಿ ಹಾಕಿದ್ದಳು.

ಪರೀಕ್ಷೆಯ ದಿನ ಮೋನಪ್ಪ ಮಂಚದ ಪಕ್ಕದಲ್ಲೇ ಕುಳಿತಿದ್ದರು. ಡಾಕ್ಟರು ಸಣ್ಣದಾಗಿ ಕರೆಂಟು ಕೊಟ್ಟರು. ಶ್ರಾವ್ಯಾಳ ಎಡಗೈಯ ಹೆಬ್ಬೆರಳೂ ತೋರುಬೆರಳೂ ತಾವಾಗಿ ಕೂಡಿಕೊಂಡವು.

"ಫಿಟ್ಸ್ ಹುಟ್ಟುವುದು ಈ ಜಾಗಕ್ಕೆ ಅಂಟಿಕೊಂಡೇ," ಎಂದರು ಡಾಕ್ಟರು. "ಪೂರ್ತಿ ತೆಗೆದರೆ ಫಿಟ್ಸ್ ನಿಲ್ಲಬಹುದು. ಎಡಗೈ ಬೆರಳುಗಳ ನಾಜೂಕು ಹೋಗುತ್ತೆ. ಬಲಗೈಯವಳಲ್ವಾ, ನಿಭಾಯಿಸ್ತಾಳೆ."

ಮೋನಪ್ಪ ಆ ಎರಡು ಬೆರಳುಗಳನ್ನೇ ನೋಡುತ್ತಿದ್ದರು. ಗೆಳತಿಯರಿಗೆ ಮೆಹೆಂದಿ ಹಾಕುವಾಗ ಮಗಳು ಕೋನ್ ಹಿಡಿಯುತ್ತಿದ್ದುದು ಹಾಗೆಯೇ. ಬಾಗಿಲ ಸಂದಿಯಿಂದ ಎಷ್ಟೋ ಸಲ ಕಂಡು, ಕಾಣದವರಂತೆ ಹೋಗಿದ್ದರು. ತಾನೇನು ಮನುಷ್ಯನೋ ಎನಿಸಿತು.

"ಮೇಡಂ, ನಾನು ಸುಳ್ಳು ಹೇಳಿದೆ. ಅವಳದ್ದು ಎಡಗೈ. ಹೊಡೆದು ಬದಲಾಯಿಸಿದ್ದು ನಾನು."

ಡಾಕ್ಟರು ಶ್ರಾವ್ಯಾಳತ್ತ ತಿರುಗಿದರು. "ನೀನು ಹೇಳಮ್ಮ."

"ಪಪ್ಪಾ ಕೇ ಸಾಮ್ನೇ ರೈಟ್," ಎಂದಳು ಶ್ರಾವ್ಯಾ. "ಪಪ್ಪಾ ಇಲ್ಲದಿದ್ರೆ ಲೆಫ್ಟ್."

"ಹಾಗಾದರೆ ಈ ಜಾಗ ಮುಟ್ಟದೆ ಉಳಿಸಬಹುದು. ಆದರೆ ಫಿಟ್ಸ್ ಪೂರ್ತಿ ಹೋಗಲಿಕ್ಕಿಲ್ಲ."

"ಬಂದರೆ ಬರಲಿ. ಈ ಕೈ ನನಗೆ ಬೇಕು."

ಡಾಕ್ಟರು ಹೋದರು. ಮೋನಪ್ಪ ಡಬ್ಬಿ ಬಿಚ್ಚಿ ಇಡ್ಲಿ ಮುಂದಿಟ್ಟರು. ಬ್ಯಾಂಡೇಜು ಸುತ್ತಿದ ತಲೆ ತಗ್ಗಿಸಿ ಶ್ರಾವ್ಯಾ ಚಮಚವನ್ನು ಬಲಗೈಗೆ ತೆಗೆದುಕೊಂಡಳು.

"ಎಡಗೈಯಲ್ಲೇ ತಿನ್ನು ಮಗಾ," ಎಂದರು ಮೋನಪ್ಪ.

ಅವಳು ಚಮಚ ಎಡಗೈಗೆ ದಾಟಿಸಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಮತ್ತೆ ಬಲಗೈಗೆ ತಂದಳು.

"ನಿಮ್ಮೆದುರು ಆಗುವುದಿಲ್ಲ, ಪಪ್ಪಾ."

ಮೋನಪ್ಪ ಎದ್ದು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ಚಮಚ ಡಬ್ಬಿಗೆ ತಾಗುವ ಸದ್ದು ಕೇಳುವವರೆಗೂ ಅಲ್ಲೇ ನಿಂತಿದ್ದರು.