ನತಾಲಿನಬಾಯಿಯ ಕೈ

ನತಾಲಿನಬಾಯಿ ಯಾರ ಮನೆಯ ಮೆಟ್ಟಿಲು ಹತ್ತಿದಳೋ ಆ ಮನೆಯವರ ಎದೆ ಧಸಕ್ಕೆನ್ನುತ್ತಿತ್ತು. ಖಾನಾಪುರದ ನಮ್ಮ ಓಣಿಯಲ್ಲಿ ಯಾರಿಗಾದರೂ ಉಸಿರು ಮೇಲೆ-ಕೆಳಗೆ ಆಗತೊಡಗಿದರೆ ಮೊದಲು ಫಾದರಿಗೆ ಫೋನು. ಅವರು ಬರುವುದು ತಡವಾದರೆ ನತಾಲಿನಬಾಯಿಗೆ ಕರೆ. ಆಕೆ ವೇಲಾಂಕಣಿಯಿಂದ ತಂದ ಪುಟ್ಟ ಬಾಟಲಿಯ ತೀರ್ಥ ಹಿಡಿದು ಬಂದು, ಹಣೆಗೆ ಹಚ್ಚಿ, ಜಪ ಹೇಳಿ, ಕೊನೆಯವರೆಗೂ ಆ ಜೀವದ ಕೈ ಹಿಡಿದು ಕೂಡುವಳು. ಇದಕ್ಕಿಂತ ದೊಡ್ಡ ಪುಣ್ಯ ಯಾವುದು? ಆದರೆ ನಮ್ಮ ಓಣಿಯದು ಎಲುಬಿಲ್ಲದ ನಾಲಿಗೆ. "ನತಾಲಿನಬಾಯಿ ಕೈ ಬಿತ್ತಂದ್ರ ಟಿಕೀಟ ಹರದಂಗ" ಎಂದು ಯಾರೋ ಅಂದರು, ಎಲ್ಲರೂ ನಕ್ಕೆವು. ಬಸ್ತ್ಯಾಂವ ಮಾಮಾನಂತೂ ಜ್ವರದಲ್ಲಿ ಮಲಗಿದ್ದವನು ಆಕೆಯನ್ನು ಬಾಗಿಲಲ್ಲಿ ಕಂಡದ್ದೇ ಎದ್ದು ಕುಳಿತು, "ನಾ ಇನ್ನೂ ಹೊಂಟಿಲ್ಲವಾ, ನೀ ಹೊಳ್ಳಿ ಹೋಗು" ಎಂದಿದ್ದ. ಅವನು ಈಗಲೂ ಸಂಜೆ ಬಸ್ ಸ್ಟ್ಯಾಂಡಿನ ಬಳಿ ನಿಂತು ಮಿರ್ಚಿ ತಿನ್ನುತ್ತಾನೆ. ಹಾಗೆ ಬದುಕಿ ಉಳಿದವರನ್ನು ನಾವು ಲೆಕ್ಕಕ್ಕೆ ಹಿಡಿಯಲೇ ಇಲ್ಲ.

ಆಕೆ ಈ ಕೆಲಸ ಹಿಡಿದದ್ದಕ್ಕೆ ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಹುಟ್ಟಿದ ಮೊದಲ ಕೂಸು ದೀಕ್ಷಾಸ್ನಾನ ಆಗುವ ಮುಂಚೆಯೇ ತೀರಿಕೊಂಡಿತು. ಜೀವಕ್ಕೆ ಅಪಾಯ ಬಂದಾಗ ಫಾದರೇ ಬೇಕೆಂದಿಲ್ಲ, ಯಾರು ಬೇಕಾದರೂ ತಲೆಯ ಮೇಲೆ ನೀರು ಸುರಿದು ದೀಕ್ಷಾಸ್ನಾನದ ಮಾತು ಹೇಳಬಹುದು. ಅವತ್ತು ಮನೆಯಲ್ಲಿ ಅದು ಯಾರಿಗೂ ತೋಚಲಿಲ್ಲ. ದೀಕ್ಷಾಸ್ನಾನ ಆಗದ ಕೂಸೆಂದು ಆಗಿನ ಹಿರಿಯರು ಅದನ್ನು ಸಿಮೆಟ್ರಿಯ ಗೋಡೆಯ ಹೊರಗೆ ಹುಗಿಸಿದರು. ದೇವರ ಕರುಣೆಗೆ ಗೋಡೆ ಇಲ್ಲ, ಆ ಗೋಡೆ ನಮ್ಮದು ಎಂದು ಈಗಿನ ಫಾದರ್ ಎಷ್ಟೋ ಸಲ ಹೇಳಿದ್ದಾರೆ. ಆದರೂ ನತಾಲಿನಬಾಯಿ ಪ್ರತಿ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ದಿನ, ಮೊದಲು ಹೊರಗಿನ ಹುಲ್ಲಿನಲ್ಲಿ ಒಂದು ಮೇಣದಬತ್ತಿ ಹಚ್ಚಿ, ಆಮೇಲೆ ಒಳಗೆ ಹೋಗುತ್ತಾಳೆ.

ಇಂಥವಳ ಮಗಳು ಸಬೀನಾ ಬಹಳ ವರ್ಷ ಕಾದು ಬಸುರಾದಳು. ದಿನ ತುಂಬುವ ಮುಂಚೆಯೇ, ಖಾನಾಪುರದ ಆಸ್ಪತ್ರೆಯೊಂದರಲ್ಲಿ, ಹೊಟ್ಟೆ ಕೊಯ್ದು ಗಂಡು ಕೂಸನ್ನು ತೆಗೆದರು. ಅಂಗೈಯಲ್ಲಿ ಹಿಡಿಯುವಷ್ಟು ಕೂಸು, ನೆಟ್ಟಗೆ ಅಳಲೂ ಇಲ್ಲ. ಬೆಳಗಾವಿಗೆ ಒಯ್ಯಿರಿ, ಈಗಲೇ ಒಯ್ಯಿರಿ ಎಂದರು ಡಾಕ್ಟರ್. ಸಬೀನಾ ಏಳುವ ಹಾಗಿಲ್ಲ, ಗಂಡ ಕೈತಾನ ಆಕೆಯ ಬಳಿ ಇರಬೇಕು. ಕೂಸಿನ ಜೊತೆ ಹೊರಟವಳು ನತಾಲಿನಬಾಯಿ.

ಹೊರಡುವಾಗ ಸಬೀನಾ ತಾಯಿಯ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಮಾಯ್, ಆಣಿ ಮಾಡು. ಏನರ ಆಗವಲ್ಲದ್ಯಾಕ, ಕೂಸಿನ ತಲಿಗೆ ನೀ ನೀರ ಹಾಕಬಾರ್ದು."

"ಹುಚ್ಚಿ, ಹಂಗ್ಯಾಕಂತಿ?"

"ಮಾಡು ಅಂದ್ರ ಮಾಡು."

ಹಸಿ ಬಾಣಂತಿಯ ಮಾತು ಮೀರುವುದು ಹೇಗೆ? ಆಣೆ ಮಾಡಿದಳು. ಬಾಟಲಿ ಮಾತ್ರ ಚೀಲದಲ್ಲೇ ಇತ್ತು.

ಆಂಬುಲೆನ್ಸಿನ ಹಿಂಭಾಗದಲ್ಲಿ ನರ್ಸ್ ಜೋಹರಾ ಕೂಸಿನ ಮೂಗು-ಬಾಯಿಗೆ ಪುಟ್ಟ ಮಾಸ್ಕ್ ಹಿಡಿದು, ರಬ್ಬರಿನ ಚೀಲ ಒತ್ತಿ ಒತ್ತಿ ಉಸಿರು ತುಂಬುತ್ತಿದ್ದಳು. ಬಾಜುವಿನ ಯಂತ್ರದಲ್ಲಿ ಹಸಿರು ಅಂಕಿ ಏರುತ್ತ ಇಳಿಯುತ್ತ ಇತ್ತು. ನತಾಲಿನಬಾಯಿಗೆ ಯಂತ್ರ ತಿಳಿಯದು. ಅಂಕಿ ಇಳಿದಾಗ ಜೋಹರಾಳ ತುಟಿ ಬಿಗಿಯುವುದು ಮಾತ್ರ ತಿಳಿಯುತ್ತಿತ್ತು. ದಾರಿಯ ದೇಸೂರ ದಾಟುವವರೆಗೆ "ನಮೋ ಮರಿಯೆ" ಜಪ ಹೇಳಿದಳು. ಆಮೇಲೆ ಅದೂ ಬಾಯಿಗೆ ಬರಲಿಲ್ಲ.

ಪೀರನವಾಡಿಯಲ್ಲಿ ಗಾಡಿ ನಿಂತಿತು. ಮುಂದೆ ಕೋಸುಗಡ್ಡೆ ತುಂಬಿದ ಟೆಂಪೋ ಒಂದು ರಸ್ತೆಗೆ ಅಡ್ಡ ಕೆಟ್ಟು ನಿಂತಿತ್ತು. ಡ್ರೈವರ್ ಯಲ್ಲೇಶ ಹಾರ್ನ್ ಹೊಡೆದ, ಕೂಗಿದ, ಕೊನೆಗೆ ಇಳಿದೇ ಓಡಿದ. ಕೂಸಿನ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಾಗಿತ್ತು.

"ಜೋಹರಾ, ಹೆಂಗೈತವಾ?"

"ಆಯಿ, ನನ್ನ ಮಾತಾಡಿಸಬ್ಯಾಡ್ರಿ. ದುವಾ ಮಾಡ್ರಿ."

ನತಾಲಿನಬಾಯಿ ಬಾಟಲಿ ತೆಗೆದಳು. ಎಷ್ಟೋ ಮನೆಗಳಲ್ಲಿ ಅಲುಗದೆ ನಿಂತ ಕೈ ಇವತ್ತು ಮುಚ್ಚಳ ತಿರುವಿ ಮತ್ತೆ ಮುಚ್ಚಿತು. ಹಾಕದಿದ್ದರೆ ಇನ್ನೊಂದು ಕೂಸು ಗೋಡೆಯ ಹೊರಗೆ. ಹಾಕಿದರೆ ಮಗಳ ಆಣೆ. ಅದಕ್ಕಿಂತ ಕೆಟ್ಟ ಅಂಜಿಕೆ ಇನ್ನೊಂದಿತ್ತು, ಅದು ಬಂದದ್ದು ನಮ್ಮ ಓಣಿಯಿಂದ: ಈ ಕೈ ಬಿದ್ದರೆ ಟಿಕೀಟು ಹರಿದ ಹಾಗೆ. ಇಷ್ಟು ವರ್ಷ ಕಿವಿಗೆ ಹಾಕಿಕೊಳ್ಳದ ಮಾತು ಆ ಹೊತ್ತಿನಲ್ಲಿ ಖರೇ ಅನ್ನಿಸಿಬಿಟ್ಟಿತು.

"ಮಾಡೂದಿದ್ರ ಮಾಡಿಬಿಡ್ರಿ ಆಯಿ," ಎಂದಳು ಜೋಹರಾ, ತಲೆ ಎತ್ತದೆ. "ನನ್ನ ಕೆಲಸ ನಾ ಬಿಡಂಗಿಲ್ಲ."

ನತಾಲಿನಬಾಯಿ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಕೂಸಿನ ತಲೆಗೆ ಮೂರು ಸಲ ಸುರಿದಳು. "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ." ಕಣ್ಣು ತೆರೆದಾಗ ಅಂಕಿ ಇನ್ನಷ್ಟು ಇಳಿದಿತ್ತು. ಅಯ್ಯೋ ದೇವರೇ, ಕೊಂದೆ ಅಂದುಕೊಂಡಳು. ಅಷ್ಟರಲ್ಲಿ ಅಕ್ಕಪಕ್ಕದ ಅಂಗಡಿಗಳಿಂದ ಓಡಿ ಬಂದ ಗಂಡಸರು ಟೆಂಪೋ ದೂಡಿದ್ದರು. ಗಾಡಿ ಹೊರಟಿತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಹೇಳಾಕ ಬರೂದಿಲ್ಲ ಅನ್ನುವುದೊಂದೇ ಡಾಕ್ಟರ ಮಾತು. ಅಜ್ಜಿ ಒಳಗೆ ಬಂದು ಮುಟ್ಟಬಹುದು, ಮುಟ್ಟಿದರೆ ಒಳ್ಳೆಯದೇ ಎಂದು ವಾರ್ಡಿನ ನರ್ಸ್ ಕರೆದಳು. ನತಾಲಿನಬಾಯಿ ಹೋಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಳು. ಒಳಗೆ ಯಂತ್ರ ಕೂಗಿದಾಗಲೆಲ್ಲ ಕೈಗಳು ಸೆರಗಿನೊಳಗೇ ಮುದುಡುತ್ತಿದ್ದವು. ಫಾದರಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಜೀವ ಹೋಗೂ ಹೊತ್ತಿನ್ಯಾಗ ನೀರ ಹಾಕಿದ್ದು ಪಾಪ ಅಲ್ಲ," ಎಂದರು ಫಾದರ್. "ಕೈಯಾಗ ಸಾವು ಐತಿ ಅಂತ ನಂಬೂದು ಪಾಪ. ಅದನ್ನ ನಗಚಾಟಿಕಿ ಮಾಡಿ ಹಬ್ಬಿಸಿದವರಿಗೂ ಅದರಾಗ ಪಾಲೈತಿ. ವರಪ್ರಸಾದ ಕೊಡಾಂವ ದೇವರು, ನಿನ್ನ ಕೈ ಬರೇ ಕೈ."

ತಲೆಗೆ ತಿಳಿಯಿತು. ಕೈ ಸೆರಗಿನಿಂದ ಹೊರಗೆ ಬರಲಿಲ್ಲ.

ಹೊಲಿಗೆ ಇನ್ನೂ ಹಸಿ ಇರುವಾಗಲೇ ಸಬೀನಾ ಹಟ ಹಿಡಿದು, ಕೈತಾನನ ತೋಳಿನ ಆಸರೆಯಲ್ಲಿ ಬಂದಳು. ನತಾಲಿನಬಾಯಿ ಎದ್ದು ನಿಂತಳು. ಮಗಳು ಇನ್ನು ಮುಖ ನೋಡಲಿಕ್ಕಿಲ್ಲ ಅಂತಲೇ ಅಂದುಕೊಂಡಳು.

"ನಾ ಆಣಿ ಮುರದೆ. ಪೀರನವಾಡ್ಯಾಗ ನೀರ ಹಾಕಿದೆ."

ಸಬೀನಾ ಕೂಗಾಡಲಿಲ್ಲ. ಮೆಲ್ಲಗೆ ಬೆಂಚಿನ ಮೇಲೆ ಕುಳಿತಳು. "ನಾ ಮೊದಲ ಹಾಕಿದ್ದೆ, ಮಾಯ್. ಕೂಸಿನ್ನ ಒಯ್ಯೂಕಿಂತ ಮೊದಲ, ಮಗ್ಗಲದಾಗ ಕುಡಿಯೂ ನೀರಿತ್ತು. ನೀನ ಕಲಿಸಿದ್ದಿ."

ನತಾಲಿನಬಾಯಿಯ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ದೀಕ್ಷಾಸ್ನಾನ ಒಮ್ಮೆ ಆದರೆ ಆಯಿತು, ಎರಡನೆಯದು ಇಲ್ಲ. "ಹಂಗಾರ ನಾ ಹಾಕಿದ್ದು ಬರೇ ನೀರು," ಎಂದು ಶಿಲುಬೆ ಗುರುತು ಹಾಕಿಕೊಂಡಳು. ಆಮೇಲೆ ಮುಖ ಸಣ್ಣದಾಯಿತು. "ಮತ್ತ ನನ್ನ ಕಡಿಂದ ಆಣಿ ಯಾಕ ತಗೊಂಡಿ?"

ಕೈತಾನ ಗೋಡೆ ನೋಡತೊಡಗಿದ.

"ನಿನ್ನ ಕೈ ಬೀಳಬಾರ್ದು ಅಂತ," ಎಂದಳು ಸಬೀನಾ. "ಓಣ್ಯಾಗ ಅಂತಾರಲ್ಲ. ನಾನೂ ನಗತಿದ್ದೆ, ಮಾಯ್. ನಗತ ನಗತ ಯಾವಾಗ ನಂಬಿದೆನೋ ಗೊತ್ತಾಗ್ಲಿಲ್ಲ."

ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಿಂದ ಬಂದ ಆ ಮಾತು ಮೊದಲ ಕೂಸನ್ನು ಗೋಡೆಯ ಹೊರಗೆ ಹುಗಿಸಿದ ದಿನಕ್ಕಿಂತ ಹೆಚ್ಚು ನೋಯಿಸಿತು. ಕೈಗಳನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ನತಾಲಿನಬಾಯಿ ಅಂದಳು: "ನಾನೂ ನಂಬೀನವಾ."

ಸಬೀನಾ ಅಳುತ್ತಲೇ ತಾಯಿಯ ಸೆರಗು ಬಿಚ್ಚಿ ಕೈ ಹೊರಗೆ ತೆಗೆದಳು. ನಲ್ಲಿಯ ಕೆಳಗೆ ತಾನೇ ತೊಳೆದಳು. ಒಳಗೆ ಕರೆದೊಯ್ದು, ಗಾಜಿನ ಪೆಟ್ಟಿಗೆಯ ಗುಂಡು ಕಿಂಡಿಯಲ್ಲಿ ಆ ಕೈಯನ್ನು ತೂರಿಸಿದಳು. ನತಾಲಿನಬಾಯಿ ಕೂಸನ್ನು ನೋಡಲಿಲ್ಲ. ಅಂಕಿಯನ್ನೇ ನೋಡುತ್ತಿದ್ದಳು. ಅಂಕಿ ಒಂದಿಷ್ಟು ಇಳಿಯಿತು. ಕೈ ಹಿಂದೆ ಸರಿಯಿತು. ಸಬೀನಾ ಮೊಣಕೈ ಹಿಡಿದು ಅಲ್ಲೇ ನಿಲ್ಲಿಸಿದಳು. ಅಂಕಿ ಮತ್ತೆ ಮೊದಲಿನ ಜಾಗಕ್ಕೆ ಬಂತು, ಅಲ್ಲಿಯೇ ನಿಂತಿತು.

ಎಷ್ಟು ಹೊತ್ತಾಯಿತೋ, ವಾರ್ಡಿನ ನರ್ಸ್ ಬಂದಳು. "ಸಾಕ್ರಿ ಆಯಿ, ಹೊತ್ತಾತು. ಇನ್ನ ಕೂಸಿನ್ನ ಬಿಡ್ರಿ."

"ನಾ ಹಿಡದಿಲ್ಲವಾ," ಎಂದಳು ನತಾಲಿನಬಾಯಿ. "ಅವ ಹಿಡದಾನ."