ನರಿಯೇ ಇರಬೇಕು

"ಏವಿಸ್, ಒಂದ್ನಿಮಿಷ ಬರ್ತೀರಾ? ತೊಂದ್ರೆ ಇಲ್ದಿದ್ರೆ ಮಾತ್ರ. ಅವಸರ ಏನೂ ಇಲ್ಲ."

ಪಕ್ಕದ ಮನೆಯ ಲಯನೆಲ್ ವೌಲ್ಸ್ ಬೇಲಿಯಾಚೆಯಿಂದ ಕೂಗಿದಾಗ ಏವಿಸ್ ಪಿಟ್ಮನ್ ಹಿಂದಿನ ಕೋಣೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ, ಅಡುಗೆಮನೆಯ ತಕ್ಕಡಿಯ ಮೇಲೆ ಮುಳ್ಳಿಲಿಯನ್ನು ಕೂರಿಸಿ ತೂಕ ನೋಡುತ್ತಿದ್ದಳು. ಅದು ಮುದುಡಿ ಚೆಂಡಾಗಿ ಕುಳಿತಿತ್ತು. ಮುಳ್ಳಿನ ನಡುವಿನಿಂದ ಒಂದು ಒದ್ದೆ ಮೂಗು ಮಾತ್ರ ಹೊರಬಂದು ಗಾಳಿಯನ್ನು ಓದುತ್ತಿತ್ತು. ಅದನ್ನು ಗೂಡಿಗೆ ಸೇರಿಸಿ, ಕೈ ತೊಳೆದು, ಏವಿಸ್ ಓಡಿದಳು. ಲಯನೆಲ್ ಹಿಂದೊಮ್ಮೆ "ಅವಸರ ಏನೂ ಇಲ್ಲ" ಅಂದಾಗ ಅವನ ಮನೆಯ ಚಿಮಣಿಗೆ ಬೆಂಕಿ ಬಿದ್ದಿತ್ತು.

ಅವನು ಮಲಗುವ ಉಡುಪಿನ ಮೇಲೆ ರಬ್ಬರ್ ಬೂಟು ಹಾಕಿಕೊಂಡು ಹುಲ್ಲುಹಾಸಿನ ಅಂಚಿನಲ್ಲಿ ನಿಂತಿದ್ದ. ಹುಲ್ಲಿನ ಮೇಲೆ ಕಾಲಿಡುವ ಧೈರ್ಯ ಅವನಿಗಿರಲಿಲ್ಲ. ಇಂಗ್ಲೆಂಡಿನ ಸಾಮರ್‌ಸೆಟ್‌ನ ಆ ಹಳ್ಳಿಯಲ್ಲಿ ಲಯನೆಲ್‌ನ ಹುಲ್ಲುಹಾಸೆಂದರೆ ಇಸ್ತ್ರಿ ಹಾಕಿದ ಬಟ್ಟೆ. ತಿಳಿ ಹಸಿರಿನ ಒಂದು ಪಟ್ಟೆ, ಕಡು ಹಸಿರಿನ ಒಂದು ಪಟ್ಟೆ, ಗೋಡೆಯಿಂದ ಗೋಡೆಗೆ. ಜೂನ್‌ನಲ್ಲಿ ಊರವರೆಲ್ಲ ತಮ್ಮ ತೋಟಗಳನ್ನು ತೆರೆದಿಡುವ ಭಾನುವಾರ ಬರುತ್ತದೆ. ಆ ದಿನ ಪರ ಊರಿನವರು ಟೀ, ಕೇಕಿನ ಜೊತೆಗೆ ಅದನ್ನು ನೋಡಲೆಂದೇ ಬರುತ್ತಿದ್ದರು. ಈಗ ಅದು ಸಿಡುಬು ಎದ್ದ ಮುಖದಂತಿತ್ತು. ಎಲ್ಲೆಲ್ಲೂ ಮುಷ್ಟಿಯಗಲದ ಗುಂಡಿಗಳು. ಕೆಲವೆಡೆ ಹುಲ್ಲಿನ ಹೆಂಟೆಗಳು ಬೇರು ಮೇಲಾಗಿ ಮಗುಚಿ ಬಿದ್ದಿದ್ದವು.

"ಯಾರು ಮಾಡಿರಬಹುದು?" ಲಯನೆಲ್ ಕೇಳಿದ. "ಯಾವ ಪ್ರಾಣಿ" ಅನ್ನಲಿಲ್ಲ, "ಯಾರು" ಅಂದ.

ಇಂಥ ಪ್ರಶ್ನೆಗಳು ಊರಲ್ಲಿ ಏವಿಸಳ ಬಳಿಗೇ ಬರುತ್ತಿದ್ದವು. ಶಾಲೆಯ ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಅವಳ ಕೆಲಸವೇ ಅದಾಗಿತ್ತು. ಗೂಡಿನಿಂದ ಬಿದ್ದ ಹಕ್ಕಿಮರಿ, ಬೆಕ್ಕು ಕಚ್ಚಿದ ಬಾವಲಿ, ಅಟ್ಟದ ಮೇಲಿನ ಸದ್ದು, ಎಲ್ಲವೂ ಅವಳ ಬಾಗಿಲಿಗೆ. ಅವಳು ಹೇಳಿದ್ದೇ ಕೊನೆಯ ಮಾತು.

ಅವಳು ಹುಲ್ಲಿನ ಸುತ್ತ ನಡೆದಳು. ಕಾಗೆಯಾದರೆ ಹಗಲಲ್ಲಿ ಕೆದಕುತ್ತದೆ, ಎಳೆದದ್ದನ್ನು ಚೆಲ್ಲಾಡುತ್ತದೆ. ಮುಳ್ಳಿಲಿಯ ಗುಂಡಿಗೆ ಹೆಬ್ಬೆರಳು ತುಂಬುವುದೂ ಕಷ್ಟ. ನರಿ ಅಲ್ಲೊಂದು ಇಲ್ಲೊಂದು ತೋಡಿ, ಬೇಸರ ಬಂದು, ಹೋಗಿಬಿಡುತ್ತದೆ. ಇಲ್ಲಿ ಅಗೆದವರಿಗೆ ಬೇಸರ ಬಂದಿರಲಿಲ್ಲ. ಬೇರಿನಡಿಯ ಗೊಣ್ಣೆಹುಳುಗಳನ್ನು ಯಾರೋ ಪಂಕ್ತಿಯಲ್ಲಿ ಕುಳಿತು ಉಂಡಂತೆ, ಒಂದು ತುದಿಯಿಂದ ಶುರುಮಾಡಿ ಸಾವಕಾಶವಾಗಿ ಮುಗಿಸಿದ್ದರು. ಮುಳ್ಳುಬೇಲಿಯ ಬುಡಕ್ಕೆ ಬಂದಾಗ ಅವಳು ಬಗ್ಗಿ ನೋಡಿದಳು. ಅಲ್ಲೊಂದು ಪುಟ್ಟ ಕುಳಿ, ಅದರೊಳಗೆ ಮೆತ್ತಗಿನ ಕಪ್ಪು ಹಿಕ್ಕೆ, ಮೇಲೆ ಮಣ್ಣೆಳೆದಿರಲಿಲ್ಲ. ಹೀಗೆ ಕುಳಿ ತೋಡಿ ಹೇಲುವುದು ಒಂದೇ ಪ್ರಾಣಿ. ಕೆಳಗಿನ ತಂತಿಗೆ ಒಂದು ಒರಟು ಕೂದಲೂ ಸಿಕ್ಕಿಕೊಂಡಿತ್ತು. ಎರಡು ತುದಿ ಬಿಳಿ, ನಡುವೆ ಕಪ್ಪು.

ಬ್ಯಾಡ್ಜರ್. ಕತ್ತಲಾದ ಮೇಲೆ ಬಿಲದಿಂದೆದ್ದು ಬಂದು ನೆಲ ತೋಡಿ ತಿನ್ನುವ, ಗಿಡ್ಡ ಕಾಲಿನ, ನಾಯಿಗಾತ್ರದ ಪ್ರಾಣಿ.

ಏವಿಸ್ ಕುಳಿಗೆ ಅಡ್ಡವಾಗಿ ನಿಂತಳು. ಕೂದಲನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. "ನರಿಯೇ ಇರಬೇಕು," ಅಂದಳು.

ಹಾಗೆಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಸುಳ್ಳು ಹೇಳುವುದು ಇಷ್ಟು ಹಗುರವೇ?

ಕಳೆದ ಅಕ್ಟೋಬರಿನಲ್ಲಿ ಇದೇ ಹುಲ್ಲಿನ ಮೇಲೆ ಹಾಡಹಗಲೇ ಒಂದು ಮುಳ್ಳಿಲಿ ಮರಿ ಕುಡುಕನ ಹಾಗೆ ತೂರಾಡುತ್ತಿತ್ತು. ಚಳಿಗಾಲವನ್ನು ನಿದ್ದೆಯಲ್ಲಿ ಕಳೆಯಲು ಬೇಕಾದ ಕೊಬ್ಬು ಅದರ ಮೈಯಲ್ಲಿರಲಿಲ್ಲ. ಒಂದು ಸೇಬಿನಷ್ಟು ತೂಕ, ಅಷ್ಟೆ. ಲಯನೆಲ್ ಅದನ್ನು ತಂದು ಏವಿಸಳ ಕೈಗಿಟ್ಟ. ಪೇಟೆಯಲ್ಲಿ ಮುಳ್ಳಿಲಿಗಳ ಆಸ್ಪತ್ರೆ ನಡೆಸುವ ಮೋನಾ ಗ್ಯಾಡ್, ವಸಂತದ ತನಕ ಏವಿಸಳೇ ಅದನ್ನು ನೋಡಿಕೊಳ್ಳಲೆಂದು ಒಪ್ಪಿದಳು. ಅದರ ಹುಳು ಬಿಡಿಸಿ, ಗೂಡು ತೊಳೆದು, ಬೆಕ್ಕಿನ ಆಹಾರ ತಿನ್ನಿಸಿ ಏವಿಸ್ ಅದನ್ನು ಬದುಕಿಸಿದ್ದಳು. ಆ ಓಣಿಯಲ್ಲಿ ಮುಳ್ಳಿಲಿ ಕಂಡು ಎಷ್ಟೋ ವರ್ಷಗಳಾಗಿದ್ದವು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಬೇಸಿಗೆಯ ಸಂಜೆ ಕಿಟಕಿ ತೆರೆದರೆ ಅವುಗಳ ಗುಸುಗುಸು, ಸೊರಸೊರ ಸದ್ದು ಕೇಳುತ್ತಿತ್ತು. ಆ ಸದ್ದು ತನ್ನ ಕಿಟಕಿಗೆ ಮರಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಶನಿವಾರ ಸಂಜೆ ಅದನ್ನು ತನ್ನ ತೋಟದಲ್ಲೇ ಬಿಡುವುದೆಂದು ನಿಶ್ಚಯವಾಗಿತ್ತು.

ಆದರೆ ಮುದುಡಿದ ಮುಳ್ಳಿಲಿಯನ್ನು ಬಿಡಿಸಿ ತಿನ್ನಬಲ್ಲ ಉಗುರುಗಳು ಬ್ಯಾಡ್ಜರಿಗಿವೆ. ಬ್ಯಾಡ್ಜರ್ ಮೇಯುವಲ್ಲಿ ಮುಳ್ಳಿಲಿ ಬಿಡುವಂತಿಲ್ಲ ಎಂಬುದು ಮೋನಾಳ ಮೊದಲ ನಿಯಮ. ಕ್ರಿಸ್‌ಮಸ್ ಟೀಗೆ ಹೋದಾಗ ಏವಿಸ್ ಇದನ್ನು ಲಯನೆಲ್‌ಗೂ ಅವನ ಹೆಂಡತಿ ಥೆಲ್ಮಾಗೂ ಪಾಠ ಮಾಡಿದಂತೆ ಹೇಳಿದ್ದಳು.

"ನರಿ ಅಂದ್ರೆ ಸರಿಹೋಯ್ತು ಬಿಡಿ," ಥೆಲ್ಮಾ ಟೀ ಲೋಟ ಹಿಡಿದು ಹೊರಬಂದಳು. "ನರಿಗೆ ಗಂಡಸರ ಉಚ್ಚೆ ವಾಸನೆ ಆಗಲ್ವಂತೆ. ಸುತ್ತಲೂ ಚಿಮುಕಿಸ್ಬೇಕಂತೆ. ರೇಡಿಯೋದಲ್ಲಿ ಹೇಳಿದ್ರು."

"ಥೆಲ್ಮಾ!"

"ಯಾಕೆ ಚಿನ್ನ, ರೇಡಿಯೋದವರು ಹೇಳ್ಬಹುದು, ನಾನು ಹೇಳ್ಬಾರ್ದಾ? ಹೆಂಗಸರದ್ದು ನಡೆಯಲ್ವಂತೆ. ರಿಟೈರಾದ ಮೇಲೆ ನಿಮಗೂ ಒಂದು ಕೆಲಸ ಸಿಕ್ತು."

ಅಂದಿನಿಂದ ಸಂಜೆ ಟೀ ಆದಮೇಲೆ ಲಯನೆಲ್ ಹಸಿರು ಬಣ್ಣದ ನೀರಿನ ಕ್ಯಾನು ಹಿಡಿದು ಹುಲ್ಲುಹಾಸಿಗೆ ಪ್ರದಕ್ಷಿಣೆ ಬರತೊಡಗಿದ. ಇಡೀ ಬದುಕು ಬೇರೆಯವರಿಗೆ ಕಾರು ಕಲಿಸಿದ ಮನುಷ್ಯ ಅವನು. ಮೂಲೆ ಬಂದಾಗ ನಿಂತು, ಎಡಕ್ಕೂ ಬಲಕ್ಕೂ ನೋಡಿ, ಆಮೇಲೆ ತಿರುಗುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಏವಿಸ್ ಕಂಡರೆ ಟೋಪಿ ಎತ್ತುತ್ತಿದ್ದ. ಅವಳು ಟೀ ಕಪ್ಪು ಎತ್ತುತ್ತಿದ್ದಳು. ಇಬ್ಬರೂ ಆ ಕ್ಯಾನಿನೊಳಗೆ ಏನಿದೆಯೆಂದು ಗೊತ್ತಿಲ್ಲದವರಂತೆ ಹವೆಯ ಬಗ್ಗೆ ಎರಡು ಮಾತಾಡುತ್ತಿದ್ದರು.

"ತೇವ ಕಮ್ಮಿ ಆಯ್ತು ಅಲ್ವಾ."

"ಹೌದು, ನೆಲ ಒಣಗಿದೆ."

ಬುಧವಾರ ಮೋನಾ ಫೋನು ಮಾಡಿದಳು.

"ಶನಿವಾರ ಬಿಡ್ತಿದೀಯಾ? ತೋಟ ನೋಡಿದ್ಯಾ? ಬ್ಯಾಡ್ಜರ್ ಸುಳಿವೇನಾದ್ರೂ?"

"ಪಕ್ಕದ ಮನೇಲಿ ನರಿ ಕಾಟ."

"ನಾನು ನರಿ ಕೇಳ್ಲಿಲ್ಲ ಕಣೇ."

ಏವಿಸ್ ಹಿಂದಿನ ಕೋಣೆಯ ಕಡೆ ನೋಡಿದಳು. ಹಗಲೆಲ್ಲ ನಿದ್ದೆ ಮಾಡುವ ಪ್ರಾಣಿ ಹುಲ್ಲಿನ ರಾಶಿಯೊಳಗೆ ಮಗ್ಗುಲು ಬದಲಿಸಿತು.

"ಇಲ್ಲ," ಅಂದಳು.

ಎರಡನೆಯ ಸುಳ್ಳು ಮೊದಲನೆಯದರಷ್ಟು ಹಗುರವಾಗಿರಲಿಲ್ಲ. ಅದು ಬಾಯಲ್ಲೇ ಉಳಿಯಿತು, ಮೀನಿನ ಮುಳ್ಳಿನಂತೆ.

ಲಯನೆಲ್‌ನ ಪ್ರದಕ್ಷಿಣೆಗಳಿಂದ ಏನೂ ಆಗಲಿಲ್ಲ. ಗುಂಡಿಗಳು ಹೆಚ್ಚುತ್ತಲೇ ಹೋದವು, ಆಮೇಲೆ ಏವಿಸಳ ಬೇಲಿಯ ಕಡೆಗೆ ಒತ್ತಿ ಬಂದವು. ಅದು ಯಾಕೆ ಇತ್ತ ಬರುತ್ತಿದೆ ಎಂದು ಯೋಚಿಸುತ್ತ ಅವಳು ತನ್ನ ಸಾಮಾನಿನ ಕೊಠಡಿಯ ಹಿಂದಕ್ಕೆ ಹೋದಳು. ಮಾರ್ಚ್ ತಿಂಗಳಿಂದ ಅಲ್ಲಿ, ತೂತು ಕೊರೆದ ಒಂದು ಮರದ ಪೆಟ್ಟಿಗೆಯಡಿ, ದಿನಾ ಸಂಜೆ ಒಂದು ಬಟ್ಟಲು ಬೆಕ್ಕಿನ ಆಹಾರ ಇಡುತ್ತಿದ್ದಳು. ಎಲ್ಲಾದರೂ ಇನ್ನೊಂದು ಮುಳ್ಳಿಲಿ ಇದ್ದರೆ ಬರಲಿ, ತನ್ನದಕ್ಕೆ ಜೊತೆಯಾಗಲಿ ಎಂದು. ಬೆಳಗ್ಗೆ ಬಟ್ಟಲು ನೆಕ್ಕಿ ತೊಳೆದಂತಿರುತ್ತಿತ್ತು, ಅವಳ ಮನಸ್ಸು ಅರಳುತ್ತಿತ್ತು. ಒಂದೆರಡು ಸಲ ಪೆಟ್ಟಿಗೆ ಮಾರು ದೂರ ಉರುಳಿ ಬಿದ್ದಿತ್ತು. ಅವಳು ಗಾಳಿಯನ್ನು ಬೈದಿದ್ದಳು.

ಆ ಸಂಜೆ ಬಟ್ಟಲಿನ ಸುತ್ತ ಒದ್ದೆ ಮರಳು ಹರಡಿದಳು. ಶುಕ್ರವಾರ ಬೆಳಗ್ಗೆ ಮರಳಿನಲ್ಲಿ ಉತ್ತರ ಬರೆದಿತ್ತು. ಅಂಗೈಯಗಲದ ಪಾದ, ಒಂದೇ ಸಾಲಿನಲ್ಲಿ ಐದು ಬೆರಳು, ಬೆರಳುಗಳಿಂದ ಬಹಳ ಮುಂದೆ ಉಗುರಿನ ಗೀರುಗಳು. ನರಿಗೆ ನಾಲ್ಕೇ ಬೆರಳು. ಇನ್ನು ತನಗೆ ತಾನು ಹೇಳಿಕೊಳ್ಳಲೂ ಏನೂ ಉಳಿಯಲಿಲ್ಲ.

ಅವಳೇ ಅದನ್ನು ಕರೆದಿದ್ದಳು. ಚಳಿಗಾಲ ಕಳೆದದ್ದೇ ಎಲೆ ಹಾಕಿ, ದಿನಾ ಬಡಿಸಿ, ದಾರಿ ರೂಢಿ ಮಾಡಿಸಿದ್ದಳು. ನಾಳೆ ಸಂಜೆ ಅದೇ ದಾರಿಗೆ ತನ್ನ ಕೈಯಾರೆ ಮುಳ್ಳಿಲಿಯನ್ನು ಬಿಡುವವಳಿದ್ದಳು. ಒಂದು ದಿನ ಬದುಕಬಹುದು. ಒಂದು ವಾರವೂ ಬದುಕೀತು. ಕಿಟಕಿಯಲ್ಲಿ ಸದ್ದು ಕೇಳಿಸದ ಮೊದಲ ಸಂಜೆ, ಅದು ಬೇರೆ ತೋಟಕ್ಕೆ ಹೋಗಿದೆ ಎಂದು ತಾನು ನಂಬುತ್ತೇನೆ. ನಂಬಬಲ್ಲೆ ಎಂಬುದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಸಂಜೆಯ ಟೀ ಆದಮೇಲೆ ಬೇಲಿಯ ಗೇಟು ತೆರೆದು ಹೋದಳು. ಲಯನೆಲ್ ಮೂಲೆಯಲ್ಲಿ ನಿಂತು ಎಡಕ್ಕೆ ನೋಡುತ್ತಿದ್ದ.

"ಆ ಕ್ಯಾನು ಕೆಳಗಿಡಿ ಲಯನೆಲ್."

"ಇನ್ನೊಂದು ಬದಿ ಬಾಕಿ ಇದೆ."

"ಅದು ನರಿ ಅಲ್ಲ."

"ಓ," ಅಂದ. ಕ್ಯಾನನ್ನು ಕಲ್ಲುಹಾಸಿನ ಮೇಲೆ ಮೆಲ್ಲಗೆ ಇಟ್ಟ. "ಅಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ಏವಿಸ್ ಅವನ ಮುಖ ನೋಡಿದಳು. ಅವನು ಗೋಡೆಯ ಮೇಲಿನ ಬಳ್ಳಿ ನೋಡಿದ.

"ನಿಮಗೆ ಗೊತ್ತಿತ್ತಾ?"

"ಮಂಗಳವಾರ ಬೆಳಗಿನ ಜಾವ ಎದ್ದಿದ್ದೆ. ಈ ಕ್ಯಾನು... ತುಂಬಿಸ್ಬೇಕಲ್ಲ. ಬಚ್ಚಲು ಕಿಟಕೀಲಿ ಕಂಡ. ಮುಖದ ಮೇಲೆ ಬಿಳಿ ಪಟ್ಟೆ. ನಾನು ಹಿಂದಿನ ಸಂಜೆ ಚಿಮುಕಿಸಿದ ಜಾಗದಲ್ಲೇ ಕೂತಿದ್ದ. ನಮ್ಮ ಪಾದ್ರಿ ಭಾನುವಾರದ ಊಟಕ್ಕೆ ಕೂತಿರ್ತಾರಲ್ಲ, ಹಾಗೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ನರಿ ಅಂದಿದ್ರಿ."

"ನಾನು ಹೇಳಿದ್ದು ತಪ್ಪು."

"ನಿಮಗೆ ಇಂಥದ್ರಲ್ಲಿ ತಪ್ಪಾಗಲ್ಲ ಏವಿಸ್. ಹಾಗಾಗಿ, ಬೇಕು ಅಂತಲೇ ಅಂದಿದೀರಿ ಅಂದ್ಕೊಂಡೆ." ಅವನು ಕೆಮ್ಮಿದ. "ಬೇಕು ಅಂತ ಅಂದ ಮಾತನ್ನ ಎದುರಿಗೆ ನಿಂತು ಸುಳ್ಳು ಮಾಡೋದು ಹೇಗೆ? ಅದೂ ಅಲ್ದೆ, ಬ್ಯಾಡ್ಜರ್ ಅಂದ್ಬಿಟ್ರೆ ನೀವು ನಿಮ್ಮ ಮುಳ್ಳಿಲೀನ ಬೇರೆ ಕಡೆ ಕಳಿಸ್ಬೇಕಾಗತ್ತೆ. ಅವನು ಮತ್ತೆ ನನ್ನ ಹುಲ್ಲಿನ ಮೇಲೆ ಓಡಾಡೋದು ನೋಡೋಣ ಅಂತ ನನಗೂ ಇತ್ತು."

ಅಡುಗೆಮನೆಯ ಕಿಟಕಿ ಧಡಾರನೆ ತೆರೆಯಿತು.

"ಅಂದ್ರೆ ಇಬ್ರಿಗೂ ಗೊತ್ತಿತ್ತಾ?" ಥೆಲ್ಮಾ ಕೂಗಿದಳು. "ಈ ವಾರವೆಲ್ಲ ನಾನು ಆ ಕ್ಯಾನಿನ ಪಕ್ಕದಲ್ಲಿ ನಿಂತು ಹಲ್ಲು ಉಜ್ಜಿದೀನಿ! ಇವರೇನೋ ಹುಟ್ಟಿದಾಗಿಂದ ಹೀಗೆ. ನಿನಗೇನಾಗಿತ್ತೇ ಏವಿಸ್?"

"ಬುದ್ಧಿ ಕೆಟ್ಟಿತ್ತು," ಏವಿಸ್ ಅಂದಳು. ಬಟ್ಟಲಿನ ವಿಷಯವನ್ನೂ ಹೇಳಿದಳು. ಬ್ಯಾಡ್ಜರನ್ನು ಓಣಿಗೆ ಕರೆದದ್ದು ತನ್ನ ಕೊಠಡಿಯ ಹಿಂದಿನ ಊಟ, ಈ ಹುಲ್ಲು ಹಾಳಾಗಿದ್ದಕ್ಕೂ ಅದೇ ಕಾರಣ ಎಂದು. ಲಯನೆಲ್ ಹುಲ್ಲಿನ ಕಡೆ ನೋಡಿದ. ಮೊದಲ ಬಾರಿಗೆ ಅವನ ಮುಖದಲ್ಲಿ ನಿಜವಾದ ನೋವು ಕಾಣಿಸಿತು. ಆದರೆ ಅವನು ಕೇಳಿದ್ದು ಬೇರೆ.

"ಬೇಲಿ ಹಾಕಿದ್ರೆ? ದಪ್ಪ ತಂತೀದು, ನೆಲದೊಳಗೂ ಹೂತು. ಎರಡೂ ತೋಟ ಸೇರಿಸಿ. ನಾಳೆಯೇ ಶುರು ಮಾಡ್ತೀನಿ."

ಏವಿಸ್ ಒಂದು ಗಳಿಗೆ ಆ ಬೇಲಿಯನ್ನು ಕಣ್ಣಲ್ಲಿ ಕಂಡಳು, ಒಳಗೆ ಸೊರಸೊರ ಸದ್ದು, ತೆರೆದ ಕಿಟಕಿ. ಆಮೇಲೆ ಆ ಪುಟ್ಟ ಕಾಲುಗಳು ದಿನವೂ ಎಷ್ಟು ದೂರ ನಡೆಯುತ್ತವೆ ಎಂಬುದನ್ನು ನೆನೆದಳು. ಹುಳು ಹುಡುಕಿ, ಹೆಣ್ಣು ಹುಡುಕಿ, ತೋಟದಿಂದ ತೋಟಕ್ಕೆ, ಹೊಲ ದಾಟಿ. ಬ್ಯಾಡ್ಜರ್ ಒಳಗೆ ಬಾರದ ಬೇಲಿಯಿಂದ ಮುಳ್ಳಿಲಿಯೂ ಹೊರಗೆ ಹೋಗದು.

"ಅದು ನನ್ನ ಹಿಂದಿನ ಕೋಣೆ ಇದ್ದ ಹಾಗೇ ಆಗತ್ತೆ ಲಯನೆಲ್. ಸ್ವಲ್ಪ ದೊಡ್ಡದು ಅಷ್ಟೆ."

ಥೆಲ್ಮಾಳ ಅಡುಗೆಮನೆಯಲ್ಲಿ ನಿಂತು ಅವಳು ಮೋನಾಳಿಗೆ ಫೋನು ಮಾಡಿದಳು. ಬುಧವಾರ ಇಲ್ಲ ಅಂದೆನಲ್ಲ, ಅದು ಸುಳ್ಳು, ಆಗಲೇ ಗೊತ್ತಿತ್ತು ಅಂದಳು. ಆ ಕಡೆ ನಾಯಿಯೊಂದು ಬೊಗಳುತ್ತಿದ್ದುದಷ್ಟೇ ಕೇಳಿಸಿತು.

"ನಾಳೆ ತಗೊಂಡು ಬಾ," ಮೋನಾ ಕೊನೆಗೆ ಅಂದಳು. "ರೈಲು ಸೇತುವೆ ಆಚೆ ಸಾಲು ಮನೆಗಳಿವೆ, ಬ್ಯಾಡ್ಜರ್ ಕಾಟ ಇಲ್ಲ. ಅಲ್ಲಿ ಒಬ್ಬಳು ಕೇಳ್ತಾ ಇದ್ದಳು. ಮತ್ತೆ ಏವಿಸ್, ಮುಂದಿನ ಚಳಿಗಾಲಕ್ಕೆ ನಿನ್ನ ಕೈಗೆ ಮರಿ ಕೊಡ್ತೀನಿ ಅಂತ ಈಗ ಹೇಳಲಾರೆ."

"ಹೇಳ್ಬೇಡ," ಅಂದಳು ಏವಿಸ್.

ಶನಿವಾರ ಸಂಜೆ ಲಯನೆಲ್ ಕಾರು ಓಡಿಸಿದ. ಪೆಟ್ಟಿಗೆ ಏವಿಸಳ ತೊಡೆಯ ಮೇಲಿತ್ತು. ರೈಲು ಸೇತುವೆಯಾಚೆಯ ಆ ಮನೆಯ ಹುಡುಗಿ, ಕೆಂಪು ಕೂದಲಿನ ದಾದಿ, ಕೆಲಸದ ಉಡುಪಿನಲ್ಲೇ ಕಾಯುತ್ತಿದ್ದಳು. ಅವಳ ತೋಟ ಎರಡು ಮಂಚದಷ್ಟಗಲ. ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಲಯನೆಲ್ ಕಷ್ಟಪಟ್ಟು ಏನೂ ಹೇಳದೆ ಉಳಿದ.

"ಹಾಲಿಡ್ಬೇಡಿ, ನೀರು ಸಾಕು," ಏವಿಸ್ ಹೇಳಿದಳು. "ಬೇಲಿ ಬುಡದಲ್ಲಿ ಕುಳಿ ಕಂಡ್ರೆ, ಅದರಲ್ಲಿ ಹಿಕ್ಕೆ ಕಂಡ್ರೆ, ಅವತ್ತೇ ಮೋನಾಗೆ ಹೇಳಿ. ಅದು ಬೇರೆ ಏನೋ ಇರಬೇಕು ಅಂತ ಮನಸ್ಸಿಗೆ ಬರತ್ತೆ. ಆದ್ರೂ ಹೇಳಿ."

ಪೆಟ್ಟಿಗೆಯ ಬಾಗಿಲು ತೆರೆದಳು. ಮುಳ್ಳಿನ ಚೆಂಡು ಅಲುಗಾಡಲಿಲ್ಲ. ಮೂವರೂ ಕಾದು ನಿಂತರು. ಆಕಾಶದ ಬೆಳಕು ಇನ್ನೂ ಇಳಿದಿರಲಿಲ್ಲ, ಯಾರದೋ ಮನೆಯಲ್ಲಿ ಈರುಳ್ಳಿ ಹುರಿಯುತ್ತಿದ್ದರು. ಆಮೇಲೆ ಮೂಗು ಬಂತು, ಮುಖ ಬಂತು, ಅವಸರದ ಪುಟ್ಟ ಕಾಲುಗಳು ಬಂದವು. ಎತ್ತರದ ಹುಲ್ಲು ಒಂದು ಗೆರೆಯಾಗಿ ಅಲುಗಿತು, ಹಲಗೆ ಬೇಲಿಯ ಕೆಳಗಿನ ಸಂದಿಯವರೆಗೆ. ಅಲ್ಲಿಂದಾಚೆ ಬೇರೆಯವರ ತೋಟ.

ಬೇಲಿಯಾಚೆ ಸದ್ದು ಶುರುವಾಯಿತು, ಒಣಗಿದೆಲೆಗಳ ನಡುವೆ ಸೊರಸೊರ, ಗುಸುಗುಸು. ಏವಿಸ್ ಹಲಗೆಗೆ ಕಿವಿಯಿಟ್ಟು ಬಗ್ಗಿ ನಿಂತಳು. ಬೆನ್ನು ನೋಯತೊಡಗಿದರೂ ಏಳಲಿಲ್ಲ. ಲಯನೆಲ್ ಕಾರಿನ ಕೀಲಿಯನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡು, ಅವಳು ಸಾಕೆನ್ನುವವರೆಗೂ ಕಾದ.