ಹಿತ್ತಲಿನ ಕುರ್ಚಿ

ಸೋಂಕು ಹಬ್ಬದಂತೆ ಅಂಗಡಿ ಮುಚ್ಚಬೇಕೆಂದು ಆದೇಶ ಬಂದ ನಾಲ್ಕನೆಯ ದಿನ ನನ್ನ ಗಂಡ ಕ್ಷೌರದ ಕುರ್ಚಿಯನ್ನು ಹಿತ್ತಲಿಗೆ ತಂದಿಟ್ಟರು. ನಮ್ಮ ಅಂಗಡಿ ಬೀದಿಯ ಕಡೆಗೆ, ಮನೆ ಅದರ ಬೆನ್ನಿಗೆ. ಮುಂದಿನ ಶಟರ್ ಎಳೆದೇ ಇತ್ತು. ಅದರ ಮೇಲೆ ಅಂಟಿಸಿದ್ದ ನೋಟಿಸನ್ನು ಎರಡು ಸಲ ಓದಿ, "ಸರ್ಕಾರಿ ಆಸ್ಪತ್ರೆಗಳ ಮೇಲಿನ ಒತ್ತಡ ತಗ್ಗಿಸಲು, ಅಂತೆ. ನನ್ನ ಕತ್ತರಿಯಿಂದ ಆಸ್ಪತ್ರೆಗೆ ಎಂಥ ಒತ್ತಡ?" ಎಂದಿದ್ದರು.

"ಬಟ್ಟೆ ಹಗ್ಗದ ಕೆಳಗೆ ಕುರ್ಚಿ ಹಾಕಿದ್ರೆ ಒಗೆದ ಬಟ್ಟೆಗೆಲ್ಲ ಕೂದಲು," ಎಂದೆ. ನಾನು ಹೇಳಿದ್ದು ಅಷ್ಟೇ. ಬೇಡ ಅನ್ನಲಿಲ್ಲ. ಅವರು ಹಗ್ಗವನ್ನು ಆಚೆ ಗೋಡೆಗೆ ಕಟ್ಟಿಕೊಟ್ಟರು.

ಮೊದಲು ಬಂದವರು ಪೋಸ್ಟಿನಜ್ಜ. ಕಾಗದ ಹಂಚುವ ಕೆಲಸದಿಂದ ನಿವೃತ್ತರಾಗಿ, ಹೆಂಡತಿ ತೀರಿದ ಮೇಲೆ ಒಬ್ಬರೇ ಇದ್ದವರು.

"ಅಜ್ಜ, ಇರೋದೇ ಹನ್ನೆರಡು ಕೂದಲು. ಯಾವುದನ್ನ ಕತ್ತರಿಸ್ಲಿ?"

"ಕೈಗೆ ಸಿಕ್ಕಿದ್ದನ್ನ ಕತ್ತರಿಸಪ್ಪ. ಮಿಕ್ಕಿದ್ದು ಮುಂದಿನ ವಾರಕ್ಕಿರಲಿ."

ಇಬ್ಬರೂ ನಕ್ಕರು. ನಗುತ್ತ ನಗುತ್ತಲೇ ಅಜ್ಜನ ಕಣ್ಣಲ್ಲಿ ನೀರು ಬಂತು. ನಾಲ್ಕು ದಿನದಿಂದ ಒಬ್ಬ ಮನುಷ್ಯನ ಜೊತೆಯೂ ಮಾತಾಡಿಲ್ಲ ಎಂದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ದಿನಕ್ಕೆ ಆರೇಳು ಜನರಾದರು. ನಾನು ಬಿಸಿನೀರು ಕೊಟ್ಟೆ, ಟವೆಲ್ ಒಗೆದೆ, ಸಂಜೆ ಕೂದಲು ಗುಡಿಸಿದೆ.

ಅದೇ ಹೊತ್ತಿಗೆ ನಾವು ಒಂದು ಫೋನಿಗಾಗಿ ಕಾಯುತ್ತಿದ್ದೆವು. ಎಂಟು ವರ್ಷದ ನಮ್ಮ ಪುಟ್ಟಿಯ ಎಡಗಿವಿಯೊಳಗೆ ಏನೋ ಬೆಳೆದು ಮೂಳೆ ತಿನ್ನುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಅಷ್ಟರಲ್ಲಿ ಕಿವಿಯ ವಾರ್ಡನ್ನು ಸೋಂಕಿನವರಿಗೆ ಬಿಟ್ಟುಕೊಟ್ಟರು. "ವಾರ್ಡ್ ಖಾಲಿಯಾದ ಕೂಡಲೇ ಕರೀತೀವಿ. ತಡವಾದಷ್ಟೂ ಕೇಳಿಸೋದು ಕಡಿಮೆಯಾಗುತ್ತಮ್ಮ," ಎಂದಿದ್ದರು. ಮನೆಯಲ್ಲಿ ನಾವೆಲ್ಲ ಅವಳ ಬಲಕ್ಕೆ ಕೂತು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದೆವು. ಹೋಂವರ್ಕ್ ಮಾಡು ಅಂದಾಗ ಮಾತ್ರ ಅವಳು ಎಡಗಿವಿ ತಿರುಗಿಸಿ ಕೂರುತ್ತಿದ್ದಳು, ಕಳ್ಳಿ.

ನನ್ನ ತಂಗಿ ಅದೇ ವಾರ್ಡಿನಲ್ಲಿ ನರ್ಸ್. ಭಾನುವಾರ ಮನೆಗೆ ಹೋಗುವಾಗ ನಮ್ಮ ಗೇಟಿನಾಚೆ ಐದು ನಿಮಿಷ ನಿಲ್ಲುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಮೂರನೆಯ ಭಾನುವಾರ ಬಂದವಳು ನನ್ನ ಕ್ಷೇಮ ಕೂಡ ಕೇಳಲಿಲ್ಲ.

"ಅಕ್ಕ, ಭಾವನ್ನ ಕರಿ."

ಅವರು ಕೈ ಒರೆಸಿಕೊಳ್ಳುತ್ತ ಬಂದರು. "ಏನು ಸಿಸ್ಟರ್, ಇಂಜೆಕ್ಷನ್ ತಂದಿದ್ದೀಯಾ?"

"ಒಂಬತ್ತನೇ ಬೆಡ್, ಹದಿಮೂರು, ಹದಿನಾರು," ಎಂದಳು ತಂಗಿ. "ಉಸಿರಾಟ ಕಷ್ಟವಾದವರನ್ನ ನಾವು ಬೋರಲು ಮಲಗಿಸ್ತೀವಿ ಭಾವ. ಮುಖಕ್ಕಿಂತ ಹೆಚ್ಚಾಗಿ ಕತ್ತಿನ ಹಿಂಭಾಗವನ್ನೇ ನೋಡ್ತೀವಿ. ಈ ಮೂವರದ್ದೂ ಹೊಸ ಕಟಿಂಗ್. ಮೂವರಿಗೂ ಕತ್ತಿನ ಗೆರೆ ಎಡಗಡೆ ಒಂದು ಬೆರಳು ಕೆಳಗಿಳಿದಿದೆ."

ನಮ್ಮವರು ಎಡಚರು. ಕತ್ತಿನ ಹಿಂದೆ ಗೆರೆ ಎಳೆಯುವಾಗ ಅವರ ಕೈ ಯಾವಾಗಲೂ ಎಡಕ್ಕೆ ಇಳಿಯುತ್ತದೆ. ಕೆಲಸ ಕಲಿಸಿದವರು ಬೈದು ಬೈದು ಸುಸ್ತಾದರೂ ಹೋಗದ ವಾರೆ ಅದು. ನಮ್ಮ ಮದುವೆಯ ಫೋಟೋದಲ್ಲಿ ನನ್ನ ತಮ್ಮಂದಿರ ಕತ್ತಿನಲ್ಲೂ ಇದೆ.

"ಊರಲ್ಲಿ ಎಡಚ ನಾನೊಬ್ಬನೇನಾ?"

"ಇನ್ನೊಬ್ಬರು ಎಡಚ ಕ್ಷೌರದವರಿದ್ರೆ ಹೇಳಿ, ಅವರ ಗೇಟಿಗೇ ಹೋಗ್ತೀನಿ."

"ಇಲ್ಲೇ ಅಂಟ್ತು ಅಂತ ಹೆಂಗೆ ಹೇಳ್ತಿ? ದಿನಸಿ ಸಾಲಲ್ಲಿ ನಿಂತಾಗ ಅಂಟಿರಬಹುದು."

"ಅಂಟಿರಬಹುದು. ನನಗೂ ಗೊತ್ತಿಲ್ಲ."

"ಮತ್ತೆ? ಎಲ್ಲರನ್ನೂ ಒಳಗೆ ಕೂಡಿಹಾಕಿದ್ದೀರಲ್ಲ, ಒಬ್ಬೊಬ್ಬರೇ ಕೂತು ತಲೆ ಕೆಟ್ಟವರ ಲೆಕ್ಕ ಇಟ್ಟಿದ್ದೀರಾ? ಪೋಸ್ಟಿನಜ್ಜ ನನ್ನ ಕುರ್ಚೀಲಿ ಕೂತು ಅತ್ತರು, ಗೊತ್ತಾ?"

"ಆ ಲೆಕ್ಕ ನಮ್ಮ ಹತ್ರ ಇಲ್ಲ ಭಾವ. ಇಡಬೇಕಿತ್ತೇನೋ." ಅವಳ ದನಿ ಏರಲಿಲ್ಲ. ಮಾಸ್ಕಿನ ದಾರ ಕಿವಿಯ ಹಿಂದೆ ಗಾಯ ಮಾಡಿತ್ತು. "ನನಗೆ ಗೊತ್ತಿರೋದು ಇಪ್ಪತ್ತು ಬೆಡ್. ಒಂಬತ್ತನೇದು ಕಿಟಕಿ ಪಕ್ಕದ್ದು. ಪುಟ್ಟಿಗೆ ಬೇಕು ಅಂತ ನಾನು ಡಾಕ್ಟರಿಗೆ ಹೇಳಿಟ್ಟಿದ್ದೆ."

ಇವರು ಗೇಟು ಹಿಡಿದುಕೊಂಡರು. "ಅದರಲ್ಲಿ ಈಗ ಇರೋದು... ಅಜ್ಜನಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು.

ಅಷ್ಟರಲ್ಲಿ ಪುಟ್ಟಿ ಓಡಿಬಂದು, "ಚಿಕ್ಕಮ್ಮ, ನನ್ನ ಬೆಡ್ ಬಂತಾ?" ಎಂದಳು.

"ಬರುತ್ತೆ ಕಂದ. ದೂರ ನಿಂತ್ಕೋ."

ಆ ಮಧ್ಯಾಹ್ನ ಕುರ್ಚಿಯ ಒಂದು ಕಡೆ ಅವರು, ಇನ್ನೊಂದು ಕಡೆ ನಾನು ಹಿಡಿದು ಒಳಗಿಟ್ಟೆವು. ಬರುವವರಿಗೆ ಬಾಗಿಲು ತೆರೆದವಳು ನಾನೇ, ಪೊರಕೆ ಹಿಡಿದವಳೂ ನಾನೇ. ಅದನ್ನು ಅವರು ಎತ್ತಿ ಆಡಲಿಲ್ಲ, ನಾನೇ ಹೇಳಿದೆ. ಆಮೇಲೆ ಅವರು ಕೂತು, ಹಿತ್ತಲಿಗೆ ಬಂದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಅವರಿಗೆ ಮುಖ ಮರೆತುಹೋಗುತ್ತದೆ, ತಲೆ ಮರೆಯುವುದಿಲ್ಲ. "ಎರಡು ಸುಳಿ ಇರೋರು, ಯಾರವರು?" ಎಂದು ನನ್ನನ್ನು ಕೇಳುತ್ತ ಎಲ್ಲರನ್ನೂ ಹುಡುಕಿದರು. ಜ್ವರ ಇದೆಯಾ, ಕೆಮ್ಮಿದೆಯಾ, ಮನೇಲೇ ಇರಿ.

ಪೋಸ್ಟಿನಜ್ಜ ಒಪ್ಪಲಿಲ್ಲ. "ಬಂದ್ರೆ ಬರಲಿ ಬಿಡಪ್ಪ, ನನ್ನದೆಲ್ಲ ಮುಗೀತು."

"ನಿಮಗೆ ಬಂದ್ರೆ ನಿಮಗೂ ಒಂದು ಬೆಡ್ ಬೇಕಾಗುತ್ತೆ ಅಜ್ಜ," ಎಂದರು ಇವರು.

ಮರುದಿನದಿಂದ ಬೆಳಿಗ್ಗೆ ಅಜ್ಜನ ಕಿಟಕಿಯ ಕೆಳಗೆ ಬೀದಿಯಲ್ಲಿ ನಿಂತು ಒಂದು ಗಳಿಗೆ ಹರಟೆ ಹೊಡೆದು ಬರುವುದನ್ನು ಶುರು ಮಾಡಿದರು. ಅಜ್ಜನಿಗೆ ಏನೂ ಆಗಲಿಲ್ಲ. ಬೋರಲು ಮಲಗಿದ್ದ ಮೂವರಲ್ಲಿ ಇಬ್ಬರು ಮನೆಗೆ ಹೋದರೆಂದು ತಂಗಿ ಹೇಳಿದಳು. ಮೂರನೆಯವರ ಬಗ್ಗೆ ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ.

ಆಸ್ಪತ್ರೆಯ ಫೋನ್ ಬಂದದ್ದು ಮೊದಲು ಕೊಟ್ಟ ದಿನ ಕಳೆದು ನಲವತ್ತು ದಿನಕ್ಕೆ. ಆ ತಡದಲ್ಲಿ ನಮ್ಮ ಹಿತ್ತಲಿನ ಪಾಲು ಎಷ್ಟು, ಇತ್ತೋ ಇಲ್ಲವೋ, ಯಾರೂ ಹೇಳಲಾರರು. ಇವರು ಇವತ್ತಿಗೂ ಆ ನೋಟಿಸನ್ನು ಒಪ್ಪುವುದಿಲ್ಲ. ಮುಚ್ಚಿಸಿದವರು ಅಜ್ಜನಂಥವರ ಕಿಟಕಿಗೂ ಒಬ್ಬರನ್ನು ಕಳಿಸಬೇಕಿತ್ತು ಅನ್ನುತ್ತಾರೆ. ಅದು ನಿಜವೇ. ಆದರೆ ಕುರ್ಚಿಯನ್ನು ಮತ್ತೆ ಹೊರಗೆ ತರಲಿಲ್ಲ.

"ಎಡಗಿವಿ ಹಿಂದೆ ಎರಡು ಬೆರಳಷ್ಟು ಕೂದಲು ತೆಗೀಬೇಕು," ಎಂದಳು ತಂಗಿ. "ಆಸ್ಪತ್ರೇಲೂ ಮಾಡ್ತಾರೆ. ಡಾಕ್ಟರನ್ನ ಕೇಳಿದ್ದೀನಿ, ಮೆಷಿನ್ನಲ್ಲಿ ಭಾವನೇ ತೆಗೆದ್ರೂ ಆಗುತ್ತೆ."

ಮುಚ್ಚಿದ ಶಟರಿನ ಒಳಗೆ ದೀಪ ಹಾಕಿ, ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಪುಟ್ಟಿಯನ್ನು ಕೂರಿಸಿದರು.

"ಅಪ್ಪ, ವಾರೆ ಮಾಡಬಾರದು."

"ಇಲ್ಲಮ್ಮ."

ಬಾಚಣಿಗೆ ಹಿಡಿದು ಅಳೆದರು, ಮತ್ತೆ ಅಳೆದರು. ನಾನು ಕೆಳಗೆ ಹಳೇ ಸೀರೆ ಹಾಸಿ ಕೂದಲು ಹಿಡಿದೆ. ಇಷ್ಟು ನಿಧಾನವಾಗಿ ಅವರು ಯಾರಿಗೂ ಮಾಡಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಮೆಷಿನ್ ನಿಲ್ಲಿಸಿ, ಆ ಕಿವಿಯ ಹತ್ತಿರ ಬಗ್ಗಿ, "ನೋಯ್ತಾ?" ಎಂದರು.

ಪುಟ್ಟಿ ಕನ್ನಡಿಯಲ್ಲಿ ತನ್ನ ಹಲ್ಲು ನೋಡಿಕೊಳ್ಳುತ್ತಿದ್ದಳು. ತಿರುಗಲಿಲ್ಲ.

ಅವರು ಕುರ್ಚಿಯನ್ನು ಸುತ್ತಿಕೊಂಡು ಬಲಕ್ಕೆ ಬಂದು ಮತ್ತೆ ಕೇಳಿದರು.

"ಇಲ್ಲಪ್ಪ," ಎಂದಳು. "ಬೇಗ ಹೋಗೋಣ."